ಅರವತ್ತೊಂದರಲ್ಲಿ ಎರಡು ಗಂಟೆಯೊಳಗೆ?

ಗೋಥೆನ್‌ಬರ್ಗಿನ ಹಾಫ್ ಮ್ಯಾರಥಾನನ್ನು ಹೋದ ವರ್ಷ 2 ಗಂಟೆ 6 ನಿಮಿಷಕ್ಕೆ ಮುಗಿಸಿದಿರಿ, ಈ ಸಲ ಎರಡು ಗಂಟೆಯೊಳಗೇ ಆಗಬೇಕು ಎಂದು ಬರೆದಿದ್ದೀರಿ. ಏರು ಹತ್ತುವಾಗ ಎದೆ ಬಿಗಿದಂತಾಗುತ್ತದೆ ಎಂಬುದನ್ನು ಮಾತ್ರ ಕೊನೆಗೆ ಹಾಗೇ ಸೇರಿಸಿದ್ದೀರಿ. ಪತ್ರ ಶುರುವಾಗಬೇಕಿದ್ದದ್ದೇ ಅಲ್ಲಿಂದ! ಇವತ್ತೇ ಆರೋಗ್ಯ ಸಲಹೆಯ 1177ಕ್ಕೆ ಫೋನ್ ಮಾಡಿ; ವೈದ್ಯರು ಹೃದಯ ಪರೀಕ್ಷಿಸಿ ಒಪ್ಪುವವರೆಗೆ ಓಟ ನಿಲ್ಲಿಸಿ. ಸುಮ್ಮನಿದ್ದಾಗಲೂ ಬಿಗಿತ ಬಂದರೆ ಕಾಯದೆ ತುರ್ತು ಸಂಖ್ಯೆ 112.

ವೈದ್ಯರು ಒಪ್ಪಿದರೆ, ಆಸೆ ಅತಿಯಾದದ್ದೇನಲ್ಲ. ಸ್ವೀಡನ್ನಿನ ಎವಿ ಪಾಮ್ 1988ರ ಸೋಲ್ ಒಲಿಂಪಿಕ್ಸ್ ಮ್ಯಾರಥಾನ್ ಓಡಿದ್ದು 46ನೇ ವಯಸ್ಸಿನಲ್ಲಿ. ನಿಮ್ಮ ಲೆಕ್ಕ ಇಷ್ಟೇ: ಈಗ ಕಿಲೋಮೀಟರಿಗೆ 5 ನಿಮಿಷ 58 ಸೆಕೆಂಡು, ಬೇಕಾದದ್ದು 5 ನಿಮಿಷ 41. ಆದರೆ ವಾರಕ್ಕೆ ಆರು ದಿನ ವಾಚು ನೋಡುತ್ತಾ ಓಡಿದರೆ ಅದು ಸಿಗದು. ಅರವತ್ತೊಂದರಲ್ಲಿ ಸ್ನಾಯು ಸುಧಾರಿಸಿಕೊಳ್ಳಲು ಹೆಚ್ಚು ಸಮಯ ಬೇಕು. ನಾಲ್ಕು ದಿನ ಸಾಕು: ಒಂದು ದಿನ ವೇಗ, ಒಂದು ದಿನ ದೂರ, ಉಳಿದೆರಡು ದಿನ ಹರಟೆ ಹೊಡೆಯುವಷ್ಟು ನಿಧಾನ. ಜೊತೆಗೆ ಎರಡು ದಿನ ಬಸ್ಕಿ, ಹಿಮ್ಮಡಿ ಎತ್ತುವ ವ್ಯಾಯಾಮ. ಚಳಿಗಾಲದ ಮಂಜುಗಡ್ಡೆಯ ಮೇಲೆ ವೇಗದ ಓಟ ಬೇಡ, ಟ್ರೆಡ್‌ಮಿಲ್ ಹತ್ತಿ. (ಸೊಂಟ ಮುರಿದರೆ ಟೈಮಿನ ಮಾತೇ ಇಲ್ಲ.)

ಓಟದ ದಿನ ಎಲ್ವ್ಸ್‌ಬೋರಿ ಸೇತುವೆಯ ಏರು ಬೇಗನೇ ಎದುರಾಗುತ್ತದೆ. ಅಲ್ಲಿ ಹತ್ತಿಪ್ಪತ್ತು ಸೆಕೆಂಡು ಹೋಗಲಿ ಬಿಡಿ. ಕೊನೆಯ ಭಾಗದ ಅವೆನ್ಯೂನ್ ರಸ್ತೆಯ ಏರಿಗೆ ಕಾಲಲ್ಲಿ ಕಸುವು ಉಳಿದಿರಬೇಕು.