ಬ್ಯಾಟರಿ ಇಳಿಸಿದ ಕಳ್ಳ ಯಾರು?

ಒಂದು ಮನೆ. ಗಂಡ ಹೆಂಡತಿ ಇಬ್ಬರೂ ಸಂತೆಯಲ್ಲಿ ತರಕಾರಿ ಮಾರುತ್ತಾರೆ. ಸಾಲ ಮಾಡಿ ಗೂಡ್ಸ್ ಗಾಡಿ ಕೊಂಡಿದ್ದಾರೆ. ಗಾಡಿಗೆ ಹಾಡು ಕೇಳುವ ಸ್ಟೀರಿಯೋ ಹಾಕಿಸಿದರು. ಅಂದಿನಿಂದ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ತಳ್ಳಬೇಕು. ಸಂತೆಗೆ ತಡವಾಗುತ್ತದೆ. ಸೊಪ್ಪು ಬಾಡುತ್ತದೆ.

"ಬ್ಯಾಟರಿ ಹೋಯ್ತು ಕಣೇ. ಹೊಸದು ತರಬೇಕು" ಎಂದ ಗಂಡ.

"ಸ್ವಲ್ಪ ತಾಳ್ರಿ. ಸ್ಟೀರಿಯೋ ಹಾಕ್ಸೋ ಮುಂಚೆ ಚೆನ್ನಾಗೇ ಇತ್ತಲ್ಲ? ಮೊದಲು ಅದನ್ನೇ ನೋಡೋಣ" ಎಂದಳು ಹೆಂಡತಿ.

ಅವಳ ಮಾತು ಸರಿ. ಏಕೆ? ನೋಡೋಣ.

ಸ್ಟೀರಿಯೋಗೆ ಕರೆಂಟ್ ಕೊಡಲು ಮೂರು ವೈರುಗಳಿವೆ. ಸಾಮಾನ್ಯವಾಗಿ ಅವು ಹೀಗಿರುತ್ತವೆ:

ಹಳದಿ: ಇದರಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ. ಗಡಿಯಾರ ನಡೆಯಲು ಇದು ಬೇಕು.

ಕೆಂಪು: ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರಬೇಕು.

ಕಪ್ಪು: ಇದು ಅರ್ತ್. ಗಾಡಿಯ ಕಬ್ಬಿಣದ ಮೈಗೆ ಸೇರುತ್ತದೆ.

ಆ ಗಾಡಿಯಲ್ಲಿ ಕೆಂಪು, ಹಳದಿ ಎರಡನ್ನೂ ಕೂಡಿಸಿ ಬ್ಯಾಟರಿಗೆ ಕೊಟ್ಟಿದ್ದರು. ಹಾಗಾಗಿ ಕೀ ತೆಗೆದರೂ ಸೆಟ್ಟು ಪೂರ್ತಿ ಆರುವುದಿಲ್ಲ. ಹಾಡು ನಿಂತಿರುತ್ತದೆ. ಒಳಗೆ ಕರೆಂಟ್ ಹರಿಯುತ್ತಲೇ ಇರುತ್ತದೆ.

ಲೆಕ್ಕ ಹಾಕಿ. ಬ್ಯಾಟರಿ 35 ಆಂಪಿಯರ್ ಅವರ್‌ನದು. ಸೆಟ್ಟು 1 ಆಂಪಿಯರ್ ಎಳೆದರೆ 10 ಗಂಟೆಯಲ್ಲಿ 10 ಖರ್ಚು. ಎರಡು ರಾತ್ರಿಗೆ 20 ಖರ್ಚು. ಹಗಲು ಸ್ವಲ್ಪ ದೂರ ಓಡಿದರೆ ಅಷ್ಟೂ ತುಂಬುವುದಿಲ್ಲ. ಗಾಡಿ ಹೇಗೆ ಸ್ಟಾರ್ಟ್ ಆದೀತು?

ಕಳ್ಳನನ್ನು ಹಿಡಿಯುವುದು ಸುಲಭ. ಬ್ಯಾಟರಿ ಚಾರ್ಜ್ ಮಾಡಿಸಿ. ರಾತ್ರಿ ಸ್ಟೀರಿಯೋದ ಫ್ಯೂಸ್ ತೆಗೆದಿಡಿ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆದರೆ ತಪ್ಪು ಸ್ಟೀರಿಯೋ ಕಡೆಯದಿರಬಹುದು. ಆಗದಿದ್ದರೆ ಬ್ಯಾಟರಿ ಹಳೆಯದಿರಬಹುದು. ಬೇರೆ ದೀಪವೋ ವೈರೋ ಕರೆಂಟ್ ಎಳೆಯುತ್ತಿರಬಹುದು.

ಅವರೂ ಹಾಗೇ ಮಾಡಿದರು. ಬೆಳಿಗ್ಗೆ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು! ವೈರಿಂಗ್ ಮಾಡುವವರು ಕೆಂಪು ವೈರನ್ನು ಕೀ ಲೈನಿಗೆ ಸೇರಿಸಿದರು. ಹೊಸ ಬ್ಯಾಟರಿಯ ದುಡ್ಡು ಉಳಿಯಿತು. ಅದು ಸಾಲದ ಕಂತಿಗೆ ಆಯಿತು.

ನೆನಪಿಡಿ:

1. ವೈರು ಮುಟ್ಟುವ ಮೊದಲು ಬ್ಯಾಟರಿಯ ಮೈನಸ್ (–) ಕಡೆ ಬಿಚ್ಚಿಸಿ. ಜೋಡಿಸುವಾಗ ಅದನ್ನು ಕೊನೆಗೆ ಹಾಕಿಸಿ.

2. ಫ್ಯೂಸ್ ಮೇಲೆ 10 ಎಂದಿದ್ದರೆ 10ರದ್ದೇ ಹಾಕಿ. ಬರೀ ತಂತಿ ಸುತ್ತಬೇಡಿ. ಬೆಂಕಿ ಹತ್ತೀತು.

3. ಕೆಲವು ಗಾಡಿಗಳಲ್ಲಿ ವೈರಿನ ಬಣ್ಣ ಬೇರೆ ಇರುತ್ತದೆ. ಪರೀಕ್ಷೆ ಮಾಡಿಯೇ ಜೋಡಿಸಬೇಕು.

ಉತ್ತರ ಹೇಳಿ:

1. ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರಬೇಕಾದ ವೈರು ಯಾವುದು?

2. ಸೆಟ್ಟು 2 ಆಂಪಿಯರ್ ಎಳೆದರೆ 10 ಗಂಟೆಯಲ್ಲಿ ಎಷ್ಟು ಖರ್ಚು?

3. ಗಂಡನ ಮಾತಿನಂತೆ ಹೊಸ ಬ್ಯಾಟರಿ ತಂದಿದ್ದರೆ ಏನಾಗುತ್ತಿತ್ತು?