ಮನೆಯ ಹೆರಿಗೆಯೂ ಕಾನೂನೂ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಿಂದೆ ಹೆರಿಗೆಯೆಂದರೆ ಸೂಲಗಿತ್ತಿಗೆ ಕರೆ ಹೋಗುತ್ತಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದುವು. ಹಾಗೆಂದು ಮನೆಯಲ್ಲಿ ಹೆರುವುದು ಅಪರಾಧವೆ? ಅಲ್ಲ, ಅದನ್ನು ನಿಷೇಧಿಸುವ ಶಾಸನ ನಮ್ಮಲ್ಲಿಲ್ಲ.

ಆದರೆ 1969ರ ಜನನ ಮರಣ ನೋಂದಣಿ ಅಧಿನಿಯಮದಂತೆ ಮನೆಯ ಯಜಮಾನನು 21 ದಿನಗಳೊಳಗೆ ಜನನವನ್ನು ನೋಂದಣಾಧಿಕಾರಿಗೆ ತಿಳಿಸತಕ್ಕದ್ದು. ಸೂಲಗಿತ್ತಿಗೂ ಸುದ್ದಿ ಮುಟ್ಟಿಸುವ ಹೊಣೆಯುಂಟು. ನಾಮಕರಣಕ್ಕಾಗಿ ಕಾಯಬೇಕಿಲ್ಲ, ಹೆಸರನ್ನು ಬಳಿಕ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಗುವಿಗೆ ಶಾಲೆ ಸೇರಲು ಜನ್ಮದಿನದ ಪುರಾವೆ ಈ ಪ್ರಮಾಣಪತ್ರವೇ.

ಕಾನೂನು ತಡೆಯದಿದ್ದರೂ ನಾವು ಆಸ್ಪತ್ರೆಯನ್ನೇ ಹೇಳುತ್ತೇವೆ. ಹೆತ್ತ ಬಳಿಕ ಗರ್ಭಕೋಶ ಸಂಕುಚಿಸದಿದ್ದರೆ ರಕ್ತಸ್ರಾವ ನಿಲ್ಲದು. ಕೆಲವೇ ಗಂಟೆಗಳಲ್ಲಿ ತಾಯಿಯ ಪ್ರಾಣ ಹೋಗಬಹುದು. ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್ ಚುಚ್ಚುಮದ್ದು ಕೂಡಲೇ ದೊರೆಯುವುದು ಅಲ್ಲಿ.