ಕೇಳುವವರಿಗೆ ಕೊಡತಕ್ಕ ಉತ್ತರ

ಓದತಕ್ಕ ವೇದಭಾಗ: 1 ಪೇತ್ರ 3:8–17 ಮತ್ತು 4:12–16

ಅಪೊಸ್ತಲನಾದ ಪೇತ್ರನು ತನ್ನ ಮೊದಲನೆಯ ಪತ್ರಿಕೆಯನ್ನು ಯಾರಿಗೆ ಬರೆದನೆಂಬದು ಅದರ ಮೊದಲನೆಯ ವಚನದಿಂದಲೇ ತಿಳಿದುಬರುತ್ತದೆ. ಪೊಂತ, ಗಲಾತ್ಯ, ಕಪ್ಪದೋಕ್ಯ, ಆಸ್ಯ, ಬಿಥೂನ್ಯ ಎಂಬ ಸೀಮೆಗಳಲ್ಲಿ ಚದರಿ ವಾಸಿಸುತ್ತಿದ್ದ ವಿಶ್ವಾಸಿಗಳಿಗೆ ಅದು ಹೋಯಿತು. ಇವೆಲ್ಲಾ ಈಗಿನ ತುರ್ಕಿ ದೇಶಕ್ಕೆ ಸೇರಿದ ಸೀಮೆಗಳು. ಆಲಯದಲ್ಲಿ ಓದುವಾಗ ಈ ಹೆಸರುಗಳು ನಾಲಿಗೆಗೆ ತೊಡರುವದರಿಂದ ನಾವು ಅವುಗಳನ್ನು ಬೇಗನೆ ದಾಟಿಬಿಡುವದುಂಟು. ಈ ಸಾರಿ ಹಾಗೆ ದಾಟದೆ ಕಡೆಯ ಹೆಸರಿನ ಬಳಿಯಲ್ಲಿ ಸ್ವಲ್ಪ ನಿಲ್ಲೋಣ. ಯಾಕಂದರೆ ಬಿಥೂನ್ಯದ ಕ್ರೈಸ್ತರು ಪೇತ್ರನ ಮಾತಿನಂತೆ ನಡೆದರೋ ಇಲ್ಲವೋ ಎಂಬದಕ್ಕೆ ಸಾಕ್ಷಿ ಹೇಳುವ ಒಂದು ಕಾಗದವು ಇಂದಿಗೂ ಉಳಿದಿರುತ್ತದೆ, ಮತ್ತು ಅದನ್ನು ಬರೆದವನು ಕ್ರೈಸ್ತನಲ್ಲ.

ಮೊದಲು ಪೇತ್ರನ ಮಾತನ್ನು ವಿಚಾರಿಸೋಣ. ಮೂರನೆಯ ಅಧ್ಯಾಯದ 15ನೆಯ ವಚನದ ತಾತ್ಪರ್ಯವೇನಂದರೆ, ಹೃದಯದಲ್ಲಿ ಕ್ರಿಸ್ತನೊಬ್ಬನಿಗೇ ಕರ್ತನ ಸ್ಥಾನವನ್ನು ಕೊಡಬೇಕು. ನಾವು ಇಟ್ಟುಕೊಂಡಿರುವ ನಿರೀಕ್ಷೆಗೆ ಕಾರಣವೇನೆಂದು ಯಾರು ವಿಚಾರಿಸಿದರೂ ಪ್ರತ್ಯುತ್ತರ ಕೊಡುವದಕ್ಕೆ ಸಿದ್ಧರಾಗಿರಬೇಕು. ಕೊಡುವಾಗ ಸಾತ್ವಿಕರಾಗಿಯೂ ಭಯವುಳ್ಳವರಾಗಿಯೂ ಇರಬೇಕು ಎಂಬದೇ. ಇಲ್ಲಿ ಉತ್ತರ ಎಂಬದಕ್ಕೆ ಗ್ರೀಕ್ ಮೂಲದಲ್ಲಿ 'ಅಪೊಲೊಗಿಯ' ಎಂಬ ಮಾತು ಇದೆ. ಅದು ನ್ಯಾಯಸ್ಥಾನದ ಮಾತು. ತಪ್ಪು ಹೊರಿಸಲ್ಪಟ್ಟವನು ನ್ಯಾಯಾಧಿಪತಿಯ ಮುಂದೆ ನಿಂತು ತನ್ನ ಪಕ್ಷವಾಗಿ ಹೇಳಿಕೊಳ್ಳುವ ಪ್ರತಿವಾದಕ್ಕೆ ಆ ಹೆಸರು. ಪೌಲನು ಯೆರೂಸಲೇಮಿನಲ್ಲಿ ತನ್ನ ಮೇಲೆ ಕೂಗಾಡುತ್ತಿದ್ದ ಜನರ ಮುಂದೆ ಮಾತಾಡಿದಾಗಲೂ (ಅ. ಕೃ. 22:1), ತನ್ನ ಮೊದಲನೆಯ ವಿಚಾರಣೆಯಲ್ಲಿ ಯಾರೂ ತನ್ನ ಕೂಡ ನಿಲ್ಲಲಿಲ್ಲವೆಂದು ತಿಮೊಥೆಯನಿಗೆ ಬರೆದಾಗಲೂ (2 ತಿಮೊ. 4:16) ಇದೇ ಮಾತು ಬಂದದೆ. ಆದರೆ ಪೇತ್ರನು ಇದನ್ನು ಯಾರಿಗೆ ಹೇಳುತ್ತಾನೆ? ಒಡೆಯರ ಕೈಕೆಳಗಿದ್ದ ದಾಸರಿಗೆ (2:18), ವಿಶ್ವಾಸಕ್ಕೆ ಬಾರದ ಗಂಡಂದಿರ ಮನೆಯಲ್ಲಿ ಬಾಳುತ್ತಿದ್ದ ಹೆಂಗಸರಿಗೆ (3:1). ವೇದವಿದ್ಯೆಯನ್ನು ಕಲಿತವರಿಗೆ ಮಾತ್ರ ಹೇಳಿದ್ದಲ್ಲ. ಹಾಗಾದರೆ ಉಪದೇಶಿಗಳನ್ನು ಕೇಳಿಕೊಳ್ಳಿರಿ ಎಂದು ನೆರೆಯವರನ್ನು ನಮ್ಮ ಬಳಿಗೆ ಕಳುಹಿಸಿಬಿಡುವ ನಮ್ಮ ಸಭೆಯವರ ವಾಡಿಕೆಯು ಪೇತ್ರನಿಗೆ ತಿಳಿಯದು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಜನರು ಕೇಳುವರೆಂದೇ ಪೇತ್ರನು ಎಣಿಸಿಕೊಂಡು ಬರೆಯುತ್ತಾನೆ. ಕೇಳತಕ್ಕದ್ದೇನೂ ನಮ್ಮ ನಡತೆಯಲ್ಲಿ ಕಾಣದಿದ್ದರೆ ಯಾರು ಯಾಕೆ ಕೇಳಿಯಾರು? ಅಥವಾ ಕಂಡದ್ದು ಬೇರೆಯಾಗಿದ್ದರೆ ಬೇರೊಂದನ್ನೇ ಕೇಳಿಯಾರು.

ಈ ಕಡೆಯ ಮಾತು ನಮಗೆ ಹೇಗೆ ತಿಳಿಯಿತೆಂಬದನ್ನು, ನಾಚಿಕೆಯಾದರೂ, ಹೇಳಬೇಕಾಗಿದೆ. ಕೆಲವು ವರುಷಗಳ ಹಿಂದೆ ನಾವು ಸೇವೆಯಲ್ಲಿದ್ದ ಒಂದು ಹಳ್ಳಿಯಲ್ಲಿ ನಮ್ಮ ಸಭೆಯ ಕೂಲಿಗಾರನೊಬ್ಬನು ಕಾಫಿ ತೋಟದ ಕೆಲಸಕ್ಕೆ ಘಟ್ಟದ ಸೀಮೆಗೆ ಹೋಗುವಾಗ, ಆಡುಗಳನ್ನು ಮಾರಿ ಕೂಡಿಸಿದ್ದ 12,000 ರೂಪಾಯಿಗಳನ್ನು ಸಭೆಯ ಒಬ್ಬ ಹಿರಿಯನ ಕೈಯಲ್ಲಿ ಇಟ್ಟುಹೋದನು. ಬರಹವಿಲ್ಲ, ಸಾಕ್ಷಿಯಿಲ್ಲ, ಹಿರಿಯನೆಂಬ ಭರವಸೆಯೊಂದೇ. ತಿರಿಗಿ ಬಂದು ಕೇಳಿದಾಗ ಹಿರಿಯನು ಮೊದಲು ನಾಳೆ ಎಂದನು. ಆ ಮೇಲೆ ನೀನು ಇಟ್ಟದ್ದು ಅಷ್ಟಲ್ಲ ಎಂದನು. ಕೂಲಿಗಾರನು ಆಲಯಕ್ಕೆ ಬರುವದನ್ನು ಬಿಟ್ಟನು. ನಮಗೆ ಸುದ್ದಿ ತಿಳಿದಿತ್ತು. ಹಿರಿಯನನ್ನು ಕೆಣಕಲು ಅಂಜಿ, ಇದು ಅವರವರ ಮನೆಯ ವ್ಯಾಜ್ಯವೆಂದು ಸುಮ್ಮನಿದ್ದೆವು.

ಹೀಗಿರಲಾಗಿ ಒಂದು ಸಂತೆಯ ದಿನ ಬೀಜದ ಅಂಗಡಿಯ ಮುಂದೆ ಕೆಲವರು ಕ್ರಿಸ್ತನು ಸತ್ತು ಎದ್ದನೆಂಬದು ಹೇಗೆಂದು ನಮ್ಮನ್ನು ಕೇಳಿದರು. ಸೆಮಿನೆರಿಯಲ್ಲಿ ಬರೆದುಕೊಂಡದ್ದು ನಮಗೆ ಬಾಯಿಪಾಠವಾಗಿತ್ತು. ಬರಿದಾದ ಸಮಾಧಿ, ಐನೂರು ಮಂದಿ ಸಾಕ್ಷಿಗಳು, ಓಡಿಹೋದ ಶಿಷ್ಯರಿಗೆ ಬಂದ ಧೈರ್ಯ, ಎಲ್ಲವನ್ನೂ ವರಸೆಯಾಗಿ ಹೇಳಿದೆವು. ಅಂಗಡಿಯ ಯಜಮಾನರು ತೂಕ ಮಾಡುತ್ತಲೇ ಕೇಳುತ್ತಿದ್ದು, "ಸತ್ತವರು ಏಳುವ ಮಾತು ಹಾಗಿರಲಿ ಉಪದೇಶಿಗಳೇ, ಆ ಬಡವನ ಹಣ ನಿಮ್ಮ ಹಿರಿಯರ ಪೆಟ್ಟಿಗೆಯಿಂದ ಎಂದು ಏಳುತ್ತದೆ, ಅದನ್ನು ಹೇಳಿರಿ" ಎಂದರು. ನಿಂತವರು ನಕ್ಕರು. ನಾವು ಸಿಟ್ಟುಗೊಂಡು, ಮೊದಲು ನಿಮ್ಮ ತಕ್ಕಡಿಯನ್ನು ನೋಡಿಕೊಳ್ಳಿರಿ ಎಂದುಬಿಟ್ಟು ಹೊರಟುಬಂದೆವು. ಆ ಮನುಷ್ಯರ ತಕ್ಕಡಿಯಲ್ಲಿ ನಾವು ಎಂದೂ ಮೋಸವನ್ನು ಕಂಡವರಲ್ಲ.

ಈಗ ಬಿಥೂನ್ಯದ ಕಾಗದಕ್ಕೆ ಬರೋಣ. ಸುಮಾರು ಕ್ರಿ. ಶ. 112ರಲ್ಲಿ ಬಿಥೂನ್ಯ ಮತ್ತು ಪೊಂತ ಸೀಮೆಗಳಿಗೆ ಪ್ಲಿನಿ ಎಂಬವನು ಅಧಿಪತಿಯಾಗಿದ್ದನು. ಅವನು ಓದಿದವನು, ಕಾನೂನು ಬಲ್ಲವನು, ರೋಮ್ ಚಕ್ರವರ್ತಿಯಾದ ತ್ರಾಜಾನನ ನಂಬಿಕೆಗೆ ಪಾತ್ರನಾದವನು. ಕ್ರೈಸ್ತರೆಂದು ದೂರು ತರಲ್ಪಟ್ಟವರನ್ನು ಏನು ಮಾಡಬೇಕೆಂದು ತೋಚದೆ ಅವನು ಚಕ್ರವರ್ತಿಗೆ ಬರೆದು ವಿಚಾರಿಸಿದನು. ತಾನು ನಡಿಸಿದ ಕ್ರಮವನ್ನು ಅದರಲ್ಲಿ ಮುಚ್ಚುಮರೆಯಿಲ್ಲದೆ ತಿಳಿಸುತ್ತಾನೆ. ನೀನು ಕ್ರೈಸ್ತನೋ ಎಂದು ಕೇಳುವನು. ಹೌದೆಂದರೆ ಮರಣದಂಡನೆಯ ಬೆದರಿಕೆ ಹಾಕಿ ಎರಡನೆಯ ಸಾರಿ, ಮೂರನೆಯ ಸಾರಿ ಕೇಳುವನು. ಆಗಲೂ ಹೌದೆಂದರೆ ಕೊಲ್ಲಿಸುವನು. ರೋಮಿನ ಪೌರರಾಗಿದ್ದವರನ್ನು ರೋಮಿಗೆ ಕಳುಹಿಸಲು ಬರೆದಿಡುವನು. ಅವರ ವಿಶ್ವಾಸವು ಏನೇ ಆಗಿರಲಿ, ಅವರ ಹಟವಾದರೂ ದಂಡನೆಗೆ ಯೋಗ್ಯವೆಂಬದು ಅವನ ಎಣಿಕೆ.

ಸ್ವಲ್ಪ ಕಾಲವಾದ ಮೇಲೆ ಹೆಸರಿಲ್ಲದವರು ಯಾರೋ ಬಹು ಮಂದಿಯ ಹೆಸರುಗಳನ್ನು ಬರೆದ ಒಂದು ಪಟ್ಟಿಯನ್ನು ಮುಂದಕ್ಕೆ ಹಾಕಿದರು. ಅದರಲ್ಲಿದ್ದವರಲ್ಲಿ ಕೆಲವರು ತಾವು ಕ್ರೈಸ್ತರಲ್ಲವೆಂದರು. ಬೇರೆ ಕೆಲವರು ಹಿಂದೆ ಆಗಿದ್ದೆವು, ಈಗ ಬಿಟ್ಟಿದ್ದೇವೆ ಎಂದರು. ಮೂರು ವರುಷದ ಹಿಂದೆ ಬಿಟ್ಟವರೂ ಇದ್ದರು, ಇಪ್ಪತ್ತು ವರುಷದ ಹಿಂದೆ ಬಿಟ್ಟವರೂ ಇದ್ದರು. ಇವರೆಲ್ಲರೂ ಚಕ್ರವರ್ತಿಯ ಪ್ರತಿಮೆಗೂ ದೇವತೆಗಳ ವಿಗ್ರಹಗಳಿಗೂ ವಂದಿಸಿ ಕ್ರಿಸ್ತನನ್ನು ಶಪಿಸಿದರು. ನಿಜವಾದ ಕ್ರೈಸ್ತರನ್ನು ಬಲಾತ್ಕಾರದಿಂದಲೂ ಹಾಗೆ ಮಾಡಿಸಲಾಗದೆಂದು ಪ್ಲಿನಿಯು ಕೇಳಿ ತಿಳಿದಿದ್ದನು.

ಬಿಟ್ಟುಹೋದವರನ್ನು ಅವನು ವಿಚಾರಿಸಿದನು: ನೀವು ಅಲ್ಲಿ ಏನು ಮಾಡುತ್ತಿದ್ದಿರಿ? ಅವರು ಹೇಳಿದ್ದು ಇಷ್ಟೇ. ಗೊತ್ತಾದ ಒಂದು ದಿನದಲ್ಲಿ ಬೆಳಗಾಗುವದಕ್ಕಿಂತ ಮುಂಚೆ ಕೂಡುತ್ತಿದ್ದೆವು. ಕ್ರಿಸ್ತನನ್ನು ದೇವರೆಂದೆಣಿಸಿ ಒಬ್ಬರಿಗೊಬ್ಬರು ಎದುರಾಗಿ ಹಾಡುತ್ತಿದ್ದೆವು. ಒಂದು ಆಣೆಯನ್ನು ಮಾಡಿಕೊಳ್ಳುತ್ತಿದ್ದೆವು, ಅದು ಯಾವ ದುಷ್ಕಾರ್ಯಕ್ಕೂ ಅಲ್ಲ, ಕದಿಯುವದಿಲ್ಲ, ಸುಲುಕೊಳ್ಳುವದಿಲ್ಲ, ವ್ಯಭಿಚಾರ ಮಾಡುವದಿಲ್ಲ, ಕೊಟ್ಟ ಮಾತಿಗೆ ತಪ್ಪುವದಿಲ್ಲ, ನಮ್ಮಲ್ಲಿ ಇಟ್ಟ ಸೊತ್ತನ್ನು ಇಟ್ಟವನು ಕೇಳಿದಾಗ ಇಲ್ಲವೆನ್ನುವದಿಲ್ಲ ಎಂಬದಕ್ಕೆ. ಆ ಮೇಲೆ ಚದರಿಹೋಗಿ, ತಿರಿಗಿ ಕೂಡಿ ಸಾಮಾನ್ಯವಾದ ನಿರ್ದೋಷವಾದ ಆಹಾರವನ್ನು ತಿನ್ನುತ್ತಿದ್ದೆವು. ಸಂಘಗಳು ಕೂಡಬಾರದೆಂದು ತಮ್ಮ ಅಪ್ಪಣೆಯಾದ ಮೇಲೆ ಅದನ್ನೂ ಬಿಟ್ಟೆವು.

ವಾಚಕರೇ, ಈ ಸಾಕ್ಷಿಯನ್ನು ಹೇಳಿದವರು ಯಾರೆಂದು ಆಲೋಚಿಸಿರಿ. ಇವರು ಸಭೆಯ ಬೋಧಕರಲ್ಲ, ರಕ್ತಸಾಕ್ಷಿಗಳೂ ಅಲ್ಲ. ಕ್ರಿಸ್ತನನ್ನು ಶಪಿಸಿ ಜೀವ ಉಳಿಸಿಕೊಂಡವರು. ಸಭೆಯ ಮೇಲೆ ಕೆಟ್ಟದ್ದನ್ನು ಹೇಳಿದ್ದರೆ ಅಧಿಪತಿಗೆ ಮೆಚ್ಚಿಗೆಯಾಗುತ್ತಿತ್ತು. ಅಂಥವರ ಬಾಯಿಂದಲೂ ಒಂದು ಕಳವಿನ ಸುದ್ದಿ ಬರಲಿಲ್ಲ. ಇಪ್ಪತ್ತು ವರುಷ ಹೊರಗಿದ್ದವನಿಗೂ ಆ ಆಣೆಯ ಮಾತುಗಳು ಮರೆತಿರಲಿಲ್ಲ. ಪೇತ್ರನು ಆ ಸೀಮೆಯವರಿಗೆ, ನಿಮ್ಮಲ್ಲಿ ಯಾರೂ ಕೊಲೆಗಾರನಾಗಿ ಇಲ್ಲವೆ ಕಳ್ಳನಾಗಿ ಶಿಕ್ಷೆಯನ್ನು ಅನುಭವಿಸುವಂತಾಗಬಾರದೆಂದು ಎಚ್ಚರಿಸಿದ್ದನಲ್ಲಾ (4:15). ಪ್ಲಿನಿಯು ತಿಳಿಸಿದ ಆಣೆಯು ಅದೇ ಬೋಧನೆಯ ಬೆಳೆ ಎಂದು ನಮಗೆ ತೋರುತ್ತದೆ.

ನಮ್ಮ ಸಭೆಯನ್ನು ಬಿಟ್ಟುಹೋದವರನ್ನು ಒಬ್ಬ ಅಧಿಪತಿಯು ಕರೆದು ಕೇಳಿದರೆ ಏನು ಹೇಳಿಯಾರು? ಆ ಕಾಗದವನ್ನು ಓದಿದಂದಿನಿಂದ ಈ ಪ್ರಶ್ನೆಯು ನಮ್ಮನ್ನು ಬಿಟ್ಟಿಲ್ಲ. ಕೂಲಿಗಾರನ ಹಣದ ವಿಷಯವನ್ನು ನಾವು ಕಡೆಗೂ ಸಭಾಹಿರಿಯರ ಕೂಟಕ್ಕೆ ತಂದೆವು. ಬಹಳ ಕಹಿಯಾದ ಮಾತುಗಳಾದವು. ಉಪದೇಶಿಯು ಸಭೆಯನ್ನು ಒಡೆಯುತ್ತಾನೆಂದು ಹೇಳಿದವರೂ ಇದ್ದರು. ಹಣವು ಎರಡು ಸುಗ್ಗಿಗಳಲ್ಲಿ ಎರಡು ಪಾಲಾಗಿ ಸಂದಿತು. ಕೂಲಿಗಾರನು ಅದನ್ನು ಎಣಿಸಿ ತೆಗೆದುಕೊಂಡನು, ಆಲಯಕ್ಕೆ ಬರಲಿಲ್ಲ. ನಾವು ಬೀಜದ ಅಂಗಡಿಗೆ ಹೋಗಿ ತಕ್ಕಡಿಯ ಮಾತಿಗಾಗಿ ಕ್ಷಮೆ ಬೇಡಿದೆವು. ಯಜಮಾನರು, "ಆ ಮಾತನ್ನು ನಾನು ಅಂದೇ ಮರೆತೆ, ಅವನ ಹಣದ ಮಾತನ್ನು ಮಾತ್ರ ಮರೆತಿರಲಿಲ್ಲ" ಎಂದರು.

ಇಷ್ಟರಿಂದ, ನಡತೆಯೊಂದಿದ್ದರೆ ಸಾಕು, ಬಾಯಿಂದ ಏನೂ ಹೇಳಬೇಕಾಗಿಲ್ಲ ಎಂದು ಯಾರೂ ತಿಳುಕೊಳ್ಳಬಾರದು. ಹಾಗೆ ಹೇಳುವವರು ಬಹಳ ಮಂದಿ ಇದ್ದಾರೆ, ಮತ್ತು ಅವರಲ್ಲಿ ಅನೇಕರ ವಿಷಯದಲ್ಲಿ ಅದು ಸೋಮಾರಿತನಕ್ಕೆ ಹಾಕಿದ ಒಳ್ಳೇ ಹೆಸರಷ್ಟೇ. ಇಟ್ಟ ಸೊತ್ತನ್ನು ತಿರಿಗಿ ಕೊಡುವವರು ಎಲ್ಲಾ ಮತಗಳಲ್ಲಿಯೂ ಇದ್ದಾರೆ. ನಾವು ಅದನ್ನು ಸಂತೋಷದಿಂದ ಒಪ್ಪಿಕೊಳ್ಳಬೇಕು. ನೀನು ಯಾರನ್ನು ನಂಬಿ ಹೀಗೆ ಮಾಡುತ್ತೀ ಎಂದು ಕೇಳಿದರೆ ಕ್ರಿಸ್ತನ ಹೆಸರನ್ನು ಹೇಳಲೇಬೇಕು. ಮೂರು ಸಾರಿ ಹೌದೆಂದ ಬಿಥೂನ್ಯದವರು ಬಾಯಿಂದಲೇ ಹೇಳಿದರು. ಆತನು ಯಾರು, ನಮ್ಮ ಪಾಪಗಳ ನಿಮಿತ್ತ ಹೇಗೆ ಸತ್ತನು, ಎದ್ದುಬಂದನೆಂದು ನಾವು ಯಾಕೆ ನಂಬುತ್ತೇವೆ, ಸಾಯುವಾಗ ನಮಗಿರುವ ನಿರೀಕ್ಷೆ ಏನು, ಇವುಗಳನ್ನು ತನ್ನ ಸ್ವಂತ ಮಾತಿನಲ್ಲಿ ಹೇಳಲು ಸಭೆಯ ಪ್ರತಿ ಮನೆಯವರಿಗೂ ಬರಬೇಕು. ಅಕ್ಷರ ಬಾರದವರಿಗೂ ಬರುತ್ತದೆ. ನಮ್ಮಲ್ಲಿ ಒಬ್ಬ ಮುದುಕಿಯು ಹೇಳುವಷ್ಟು ಚೆನ್ನಾಗಿ ನಾವೇ ಹೇಳಲಾರೆವು. ತಿಳಿಯದ್ದನ್ನು ತಿಳಿಯದೆಂದು ಹೇಳುವದೂ ಉತ್ತರವೇ. ಕೇಳಿದವನಿಗೆ ಬೇಕಾದದ್ದನ್ನು ಬಿಟ್ಟು ನಮಗೆ ಗೊತ್ತಿದ್ದದ್ದನ್ನು ಸುರಿಯುವದು ಉತ್ತರವಲ್ಲ.

ಹಳ್ಳಿಗಳಲ್ಲಿ ಹೆಚ್ಚಾಗಿ ಬರುವ ಪ್ರಶ್ನೆ ಒಂದುಂಟು: ಇದು ಪರದೇಶದವರ ಮತವಲ್ಲವೇ? ನಮ್ಮ ಯೌವನಸ್ಥರು ಇದಕ್ಕೆ ಕೂಡಲೇ ಬಿಸಿಯಾಗುತ್ತಾರೆ. ಬಿಸಿಯಾಗತಕ್ಕದ್ದೇನೂ ಇಲ್ಲ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದದ್ದು ನಿಜ, ಅವರು ಪರದೇಶದವರೆಂಬದೂ ನಿಜ. ಅವರಿಗೆ ನಾವು ಸಾಲಗಾರರಾಗಿದ್ದೇವೆಂದು ತಗ್ಗಿದ ದನಿಯಲ್ಲಿ ಒಪ್ಪಿಕೊಳ್ಳೋಣ. ಕ್ರಿಸ್ತನು ಹುಟ್ಟಿದ್ದು ಆಸ್ಯಖಂಡದ ಬೇತ್ಲೆಹೇಮಿನಲ್ಲಿ ಎಂಬದೂ, ಆರನೆಯ ಶತಮಾನದಲ್ಲಿಯೇ ಮೆಣಸು ಬೆಳೆಯುವ ಮಲೆಯಾಳದ ಕರಾವಳಿಯಲ್ಲಿ ಒಂದು ಸಭೆ ಇತ್ತೆಂದು ಕೊಸ್ಮ ಎಂಬ ವ್ಯಾಪಾರಿಯು ಬರೆದಿಟ್ಟದ್ದೂ ಅಷ್ಟೇ ನಿಜ. ಇಷ್ಟನ್ನು ಹೇಳಿ, ನೆರೆಯವರ ದೇವರುಗಳನ್ನು ಹಳಿಯದೆ, ನಿಮಗೇನು ತೋರುತ್ತದೆ ಎಂದು ಕೇಳಿ ಸುಮ್ಮನೆ ಕೂತುಕೊಳ್ಳಬೇಕು. ಪ್ಲಿನಿಯ ಕಾಗದದಲ್ಲಿ ಆ ಸೀಮೆಯ ಗುಡಿಗಳು ಬರಿದಾಗುವಷ್ಟರ ಮಟ್ಟಿಗೆ ಬಂದಿದ್ದವು, ಬಲಿಯ ಮಾಂಸವನ್ನು ಕೊಳ್ಳುವವರು ವಿರಳವಾಗಿದ್ದರು, ಪಟ್ಟಣಗಳಲ್ಲಿ ಮಾತ್ರವಲ್ಲ ಹಳ್ಳಿಗಳಲ್ಲಿಯೂ ಹೊಲಗದ್ದೆಗಳಲ್ಲಿಯೂ ಈ ಮತವು ಹಬ್ಬಿತ್ತು ಎಂಬ ಮಾತುಗಳಿವೆ. ಇದನ್ನು ಓದಿ ಹಿಗ್ಗುವವರು, ಸಾತ್ವಿಕತ್ವ ಎಂಬ ಮಾತನ್ನು ಪೇತ್ರನು ಬರೆದದ್ದು ಇದೇ ಜನರಿಗೆಂದು ನೆನಸಲಿ. ಇನ್ನು ಭಯವೆಂಬದು ಕೇಳುವವನ ಭಯವಲ್ಲ. ಹಿಂದಿನ ವಚನದಲ್ಲಿಯೇ ಜನರಿಗೆ ಹೆದರಬೇಡಿರೆಂದು ಹೇಳಿಯಾಗಿದೆ. ನಾವು ಆಡುವ ಉತ್ತರವನ್ನು ದೇವರು ಕೇಳುತ್ತಾ ಇದ್ದಾನೆಂಬ ಭಯವದು. ಸಂತೆಯ ದಿನ ನಮ್ಮಲ್ಲಿ ಇಲ್ಲದೆ ಹೋದದ್ದು ಅದೇ.

ನಮ್ಮವರು ಬಡವರು, ಓದದವರು, ನಮ್ಮ ಉತ್ತರವನ್ನು ಯಾರು ಲಕ್ಷ್ಯಕ್ಕೆ ತರುವರು ಎಂದು ಕುಗ್ಗುವವರಿಗೆ ಒಂದು ಮಾತು. ಎರಡನೆಯ ಶತಮಾನದಲ್ಲಿ ಕೆಲ್ಸನೆಂಬ ಪಂಡಿತನು ಕ್ರೈಸ್ತರನ್ನು ಹಾಸ್ಯ ಮಾಡಿ ಒಂದು ಗ್ರಂಥವನ್ನು ಬರೆದನು. ಉಣ್ಣೆಯ ಕೆಲಸದವರೂ ಚಮ್ಮಾರರೂ ಅಗಸರೂ ಮನೆಗಳೊಳಗೆ ಮಕ್ಕಳಿಗೂ ಹೆಂಗಸರಿಗೂ ಈ ಮತವನ್ನು ಕಲಿಸುತ್ತಾರೆಂಬದು ಅವನ ಹಾಸ್ಯಗಳಲ್ಲೊಂದು. ಅವನ ಗ್ರಂಥವು ಕಳೆದುಹೋಯಿತು. ಸುಮಾರು 248ರಲ್ಲಿ ಒರಿಗೇನನು ಅದಕ್ಕೆ ಉತ್ತರ ಬರೆಯುವಾಗ ಅವನ ಮಾತುಗಳನ್ನು ಎತ್ತಿ ತೋರಿಸಿದ್ದರಿಂದಲೇ ಅವು ಇಂದು ನಮಗೆ ತಿಳಿದಿವೆ. ಒರಿಗೇನನಂಥ ಮಹಾಪಂಡಿತನು ಎಂಟು ಪುಸ್ತಕಗಳ ಆ ಉತ್ತರವನ್ನು ಆರಂಭಿಸುವದು, ಸುಳ್ಳುಸಾಕ್ಷಿಗಳ ಮುಂದೆ ಯೇಸುವು ಮೌನವಾಗಿದ್ದನೆಂಬ ಮಾತಿನಿಂದ.

ತ್ರಾಜಾನನು ಪ್ಲಿನಿಗೆ ಚಿಕ್ಕ ಉತ್ತರವನ್ನು ಕಳುಹಿಸಿದನು: ಕ್ರೈಸ್ತರನ್ನು ಹುಡುಕಿಕೊಂಡು ಹೋಗಬೇಡ, ದೂರು ಬಂದು ಸ್ಥಾಪಿತವಾದರೆ ದಂಡಿಸು, ನಮ್ಮ ದೇವತೆಗಳಿಗೆ ಪ್ರಾರ್ಥಿಸಿ ಅಲ್ಲವೆಂದು ತೋರಿಸಿದವನನ್ನು ಬಿಟ್ಟುಬಿಡು, ಹೆಸರಿಲ್ಲದ ಪಟ್ಟಿಗಳನ್ನು ತೆಗೆದುಕೊಳ್ಳಬೇಡ.

ಆ ವಿಚಾರಣೆಯಲ್ಲಿ ಇನ್ನಿಬ್ಬರು ಇದ್ದರು. ಬಿಟ್ಟುಹೋದವರ ಮಾತು ಸತ್ಯವೋ ಎಂದು ತಿಳಿಯುವದಕ್ಕೆ ಪ್ಲಿನಿಯು ಇಬ್ಬರು ದಾಸಿಯರನ್ನು ಹಿಡಿಸಿ ಹಿಂಸೆಪಡಿಸಿ ಕೇಳಿದನು. ಸಭೆಯಲ್ಲಿ ಅವರನ್ನು ಸೇವಕಿಯರೆಂದು ಕರೆಯುತ್ತಿದ್ದರೆಂದು ಬರೆಯುತ್ತಾನೆ, ಕೆಂಖ್ರೆಯದ ಸಭೆಯ ಫೊಯಿಬೆಗೆ ಪೌಲನು ಕೊಟ್ಟ ಹೆಸರೂ ಅಂಥದ್ದೇ (ರೋಮಾ. 16:1). ಅವರು ಏನು ಹೇಳಿದರೆಂದು ಅವನು ಬರೆಯಲಿಲ್ಲ, ಅವರ ಹೆಸರುಗಳನ್ನೂ ಬರೆಯಲಿಲ್ಲ. ಮಿತಿಮೀರಿದ ಒಂದು ಮೂಢಭಕ್ತಿಯ ಹೊರತು ಬೇರೇನೂ ತನಗೆ ಸಿಕ್ಕಲಿಲ್ಲವೆಂದು ಮಾತ್ರ ಚಕ್ರವರ್ತಿಗೆ ತಿಳಿಸಿದನು.